ಸುಟ್ಟಿದ್ದು ಮನೆ, ಜಾಗವಲ್ಲ

"ಇದ್ದದ್ದು ಇದ್ದಂಗೇ ಕೊಡ್ರಿ ಕಾಕಾ. ಕಸಬರಿಗಿ ಸೈತ ಹಿಡಿಯೂದು ಬ್ಯಾಡ. ರೊಕ್ಕ ನಾಳೆನೇ ಕೈಯಾಗ ಇಡ್ತೀವಿ."

ಬೆಂಕಿಗೆ ಮನೆ ಕಳೆದುಕೊಂಡವರ ಮುಂದೆ ನಮ್ಮ ಕಲಬುರಗಿ ಸೀಮೆಯ ದಲಾಲರು ಆಡುವ ಮಾತಿನ ಧಾಟಿ ಇದು. ಇದರಲ್ಲಿ ಮೂರು ಆಶ್ವಾಸನೆಗಳಿವೆ: ರಿಪೇರಿ ಬೇಡ, ಕಾಯುವುದು ಬೇಡ, ಬ್ಯಾಂಕಿನ ತಂಟೆ ಬೇಡ. ಪಡಸಾಲೆಯಲ್ಲಿ ಇನ್ನೂ ಹೊಗೆಯ ವಾಸನೆ ಹೋಗಿಲ್ಲ, ಮಕ್ಕಳು ನೆಂಟರ ಮನೆಯಲ್ಲಿ ಮಲಗುತ್ತಿದ್ದಾರೆ, ಉಟ್ಟ ಬಟ್ಟೆ ಬಿಟ್ಟರೆ ಬೇರೆ ಇಲ್ಲ. ಅಂಥ ಹೊತ್ತಿನಲ್ಲಿ ಈ ಮೂರೂ ದೊಡ್ಡ ಉಪಕಾರದಂತೆ ಕೇಳುತ್ತವೆ. ಸುಟ್ಟ ಮನೆಯನ್ನು ಇದ್ದ ಸ್ಥಿತಿಯಲ್ಲೇ ನಗದಿಗೆ ಮಾರುವ ಈ ಪದ್ಧತಿಯಲ್ಲಿ ಮಾರುವುದು ತಪ್ಪೆಂದು ನಾನು ಹೇಳುವುದಿಲ್ಲ. ಅದರ ಬೆಲೆ ಕಟ್ಟುವ ರೀತಿ ತಪ್ಪು, ಅದರ ಅವಸರ ತಪ್ಪು, ನಗದಿನ ಭಾರ ಯಾರ ತಲೆಯ ಮೇಲೆ ಬೀಳುತ್ತದೆಂಬುದನ್ನು ಮುಚ್ಚಿಡುವುದು ಅದಕ್ಕಿಂತ ದೊಡ್ಡ ತಪ್ಪು.

ನಂದೂರನ್ನೇ ನೋಡಿ. ಒಂದು ಕಡೆ ಹಳೆಯ ಗಾಂವಠಾಣ, ಇನ್ನೊಂದು ಕಡೆ ನಂದೂರ-ಕೆಸರಟಗಿ ಕೈಗಾರಿಕಾ ಪ್ರದೇಶ, ಪಕ್ಕದಲ್ಲೇ ಬೆಳೆಯುತ್ತಿರುವ ಕಲಬುರಗಿ ನಗರ. ಇಂಥ ಊರಲ್ಲಿ ಹಳೆಯ ಮನೆಯೊಂದರ ಬೆಲೆಯಲ್ಲಿ ಹೆಚ್ಚಿನ ಪಾಲು ಗೋಡೆಯದ್ದಲ್ಲ, ಜಾಗದ್ದು. ಲೆಕ್ಕದ ಅನುಕೂಲಕ್ಕೆ 1,200 ಚದರಡಿ ಜಾಗ, ಚದರಡಿಗೆ ಒಂದು ಸಾವಿರ ರೂಪಾಯಿ ಎಂದು ಹಿಡಿಯೋಣ. ಜಾಗಕ್ಕೇ 12 ಲಕ್ಷವಾಯಿತು. ಹಳೆಯ ಕಟ್ಟಡಕ್ಕೆ 5 ಲಕ್ಷ ಎನ್ನೋಣ. ಬೆಂಕಿ ಕಟ್ಟಡವನ್ನು ಪೂರ್ತಿ ನುಂಗಿತು; ಕೆಡವಿ ಮಣ್ಣು-ಕಲ್ಲು ಸಾಗಿಸಲು ಒಂದು ಲಕ್ಷ ಕಳೆದರೂ 11 ಲಕ್ಷ ಉಳಿಯಬೇಕು. ಇದನ್ನು 7 ಲಕ್ಷಕ್ಕೆ ಕೇಳುವವನು ಸುಟ್ಟ ಮನೆಗೆ ಬೆಲೆ ಕಟ್ಟುತ್ತಿಲ್ಲ, ಸುಡದ ಜಾಗದಲ್ಲೂ ಬೂದಿಯ ಲೆಕ್ಕ ಹಿಡಿಯುತ್ತಿದ್ದಾನೆ. ಈ ಪದ್ಧತಿಯ ಮೇಲೆ ನನ್ನ ಮುಖ್ಯ ಆಕ್ಷೇಪ ಇದೇ. ಅಮೆರಿಕದಲ್ಲಿ ಕೆಟ್ಟ ಮನೆಗಳನ್ನು ಕೊಂಡು ದುರಸ್ತಿ ಮಾಡಿ ಮಾರುವವರು ಶೇ. 70ರ ಸೂತ್ರ ಎಂದೊಂದು ಇಟ್ಟುಕೊಂಡಿದ್ದಾರೆ: ದುರಸ್ತಿಯಾದ ಮೇಲೆ ಮನೆಗೆ ಬರಬಹುದಾದ ಬೆಲೆಯಲ್ಲಿ ಶೇ. 70 ತೆಗೆದುಕೊಂಡು, ಅದರಲ್ಲಿ ದುರಸ್ತಿಯ ಖರ್ಚು ಕಳೆದು ಕೊಡುತ್ತಾರೆ. ಅದು ಕೊಳ್ಳುವವನ ಲಾಭದ ಸೂತ್ರವೇ, ಸಂಶಯವಿಲ್ಲ. ಆದರೆ ಆ ಸೂತ್ರ ಎಲ್ಲರಿಗೂ ಗೊತ್ತಿರುವಂಥದ್ದು, ಮಾರುವವನೂ ಕಾಗದದ ಮೇಲೆ ಬರೆದು ನೋಡಬಹುದು. ನಮ್ಮಲ್ಲಿ ಅಷ್ಟೂ ಇಲ್ಲ. "ಸುಟ್ಟ ಮನಿ, ಯಾರ್ ತಗೋತಾರ?" ಎಂಬ ಒಂದು ಪ್ರಶ್ನೆಯೇ ನಮ್ಮ ಸೂತ್ರ.

ಈ ವ್ಯವಹಾರಕ್ಕೆ ಎರಡು ಸಾವಿರ ವರ್ಷದ ಇತಿಹಾಸವಿದೆ. ಕ್ರಿಸ್ತಪೂರ್ವ ಮೊದಲ ಶತಮಾನದ ರೋಮಿನ ಶ್ರೀಮಂತ ಕ್ರಾಸಸ್ ಉರಿಯುತ್ತಿರುವ ಮನೆಗಳನ್ನೂ ಅವುಗಳ ಅಕ್ಕಪಕ್ಕದ ಮನೆಗಳನ್ನೂ ಹೆದರಿದ ಮಾಲೀಕರಿಂದ ಪುಡಿಗಾಸಿಗೆ ಕೊಳ್ಳುತ್ತಿದ್ದ, ಕಟ್ಟಡ ಕೆಲಸ ಬಲ್ಲ ಐನೂರಕ್ಕೂ ಹೆಚ್ಚು ಗುಲಾಮರನ್ನು ಇಟ್ಟುಕೊಂಡಿದ್ದ ಎಂದು ಪ್ಲುಟಾರ್ಕ್ ಬರೆದಿದ್ದಾನೆ. ಈಚಿನದ್ದು ಬೇಕೆಂದರೆ 2023ರ ಆಗಸ್ಟ್‌ನಲ್ಲಿ ಹವಾಯಿಯ ಲಹೈನಾ ಪಟ್ಟಣ ಸುಟ್ಟುಹೋದದ್ದಿದೆ. ಅಲ್ಲಿನ ಗವರ್ನರ್, ಕೇಳದೆಯೇ ಬಂದು ಜಾಗಕ್ಕೆ ಬೆಲೆ ಹೇಳುವುದನ್ನು ತುರ್ತು ಆದೇಶದಿಂದ ನಿಷೇಧಿಸಿದರು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಹೊತ್ತಿ ಉರಿದಾಗ ಕ್ಯಾಲಿಫೋರ್ನಿಯಾದಲ್ಲೂ ಅಂಥದೇ ಆದೇಶ ಬಂತು: ಬೆಂಕಿ ಬಿದ್ದ ಬಡಾವಣೆಗಳಲ್ಲಿ ಮೂರು ತಿಂಗಳ ಕಾಲ, ಬೆಂಕಿಗೆ ಮುಂಚಿನ ಬೆಲೆಗಿಂತ ಕಡಿಮೆಗೆ, ಕರೆಯದೆ ಬಂದು ಕೇಳುವಂತಿಲ್ಲ. ವ್ಯಾಪಾರವನ್ನೇ ನಂಬಿದ ದೇಶಕ್ಕೂ ದುಃಖದ ಮೊದಲ ದಿನಗಳಲ್ಲಿ ಮಾರುವವನ ಮನಸ್ಸು ಸ್ವತಂತ್ರವಾಗಿರುವುದಿಲ್ಲ ಎಂಬುದು ಹೊಳೆಯಿತು. ನಮ್ಮಲ್ಲಿ ಬೆಂಕಿ ಒಂದೊಂದೇ ಮನೆಗೆ ಬೀಳುತ್ತದೆ. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಒಂದು ವೈರು, ಒಂದು ಸಿಲಿಂಡರ್, ಅಂಗಳದ ಕಣಕಿ ಬಣವಿಗೆ ತಗುಲಿದ ಒಂದು ಕಿಡಿ ಸಾಕು. ಒಂದು ಮನೆಗೆಂದು ಯಾವ ಸರಕಾರವೂ ಆದೇಶ ಹೊರಡಿಸುವುದಿಲ್ಲ.

ಇನ್ನು ಬೆಂಕಿ ನಿಜವಾಗಿ ಏನನ್ನು ಸುಡುತ್ತದೆ ಎಂಬ ಪ್ರಶ್ನೆ. ಇದನ್ನು ಸಾವಕಾಶವಾಗಿ ನೋಡಬೇಕು. ಯಾಕೆಂದರೆ ಕೊಳ್ಳುವವನಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ, ಮಾರುವವನಿಗೆ ಗೊತ್ತಿರುವುದಿಲ್ಲ. ಈ ಭಾಗದ ಹಳೆಯ ಮನೆಗಳಲ್ಲಿ ಗೇಣುಗಟ್ಟಲೆ ದಪ್ಪದ ಕಲ್ಲು-ಮಣ್ಣಿನ ಗೋಡೆ, ಕಟ್ಟಿಗೆಯ ಕಂಬ, ತೊಲೆ, ಜಂತಿ, ಮೇಲೆ ಮಣ್ಣಿನ ಮಾಳಿಗೆ, ಕಾಲಡಿ ಶಹಾಬಾದಿನ ಪರಸಿ. ಬೆಂಕಿ ಆರಿದ ಮೇಲೆ ತೊಲೆ ಕಪ್ಪಾಗಿ, ಬಿರಿದು, ಮುಟ್ಟಿದರೆ ಇದ್ದಿಲು ಉದುರುತ್ತದೆ. ನೋಡಿದವರು ಎಲ್ಲ ಹೋಯಿತೆಂದು ಕಣ್ಣೀರು ಹಾಕುತ್ತಾರೆ. ಆದರೆ ದಪ್ಪ ಮರ ಹೊರಗಿನಿಂದ ಒಳಗೆ ಬಹಳ ನಿಧಾನವಾಗಿ ಸುಡುತ್ತದೆ, ನಿಮಿಷಕ್ಕೆ ಸುಮಾರು ಅರ್ಧದಿಂದ ಮುಕ್ಕಾಲು ಮಿಲಿಮೀಟರ್. ಹೊರಗಿನ ಇದ್ದಿಲೇ ಒಳಗಿನ ಮರಕ್ಕೆ ಹೊದಿಕೆಯಾಗುತ್ತದೆ. ಅರ್ಧ ಗಂಟೆ ಉರಿದ ಎಂಟಿಂಚಿನ ತೇಗದ ತೊಲೆಯಲ್ಲಿ ಪ್ರತಿ ಮುಖದಿಂದ ಎರಡು ಸೆಂಟಿಮೀಟರ್ ಹೋಗಿರಬಹುದು. ಒಳಗೆ ಆರಿಂಚು ಗಟ್ಟಿ ತೇಗ ಹಾಗೇ ಇರುತ್ತದೆ. ಹತ್ತರಿ ಹಾಕಿದರೆ ಅದು ಬಾಗಿಲು, ಚೌಕಟ್ಟು, ಮಂಚ. ಹಳೆಯ ಕಟ್ಟಿಗೆ ಕೊಳ್ಳುವವರಿಗೆ ಇದು ಕಣ್ಣಳತೆಯಲ್ಲೇ ತಿಳಿಯುತ್ತದೆ. ಇದ್ದದ್ದು ಇದ್ದಂತೆ ಎಂದು ಕೊಟ್ಟುಬಿಟ್ಟಾಗ ಆ ತೊಲೆ, ಕೆತ್ತನೆಯ ತಲೆಬಾಗಿಲು, ನೆಲದ ಪರಸಿ ಎಲ್ಲ ಜಾಗದ ಜೊತೆಗೆ ಪುಕ್ಕಟೆ ಹೋಗುತ್ತವೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಗಟ್ಟಿಯಾಗಿ ಕಾಣುವುದು ಕೆಲವೊಮ್ಮೆ ಕೆಟ್ಟಿರುತ್ತದೆ. ಶಹಾಬಾದಿನ ಕಲ್ಲು ಸುಣ್ಣದಕಲ್ಲು. ಕಾದಾಗ ಒಮ್ಮೆಲೆ ನೀರು ಬಿದ್ದರೆ ಪದರು ಬಿಟ್ಟು ಸೀಳುತ್ತದೆ. ಆರ್‌ಸಿಸಿ ಮನೆಯಲ್ಲಂತೂ ಮೋಸ ಇನ್ನೂ ಸೂಕ್ಷ್ಮ. ಕಾಂಕ್ರೀಟು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಎಷ್ಟೋ ಸಲ ನಸುಗೆಂಪು ಬಣ್ಣಕ್ಕೆ ತಿರುಗುತ್ತದೆ, ಅಲ್ಲಿಂದ ಮೇಲೆ ಬಲ ಕಳೆದುಕೊಳ್ಳುತ್ತ ಹೋಗುತ್ತದೆ. 600ರ ಹತ್ತಿರ ಅರ್ಧದಷ್ಟೂ ಹೋಗಿರಬಹುದು. ಮಸಿ ತೊಳೆದು ಸುಣ್ಣ-ಬಣ್ಣ ಬಳಿದರೆ ಆ ನಸುಗೆಂಪು ಮುಚ್ಚಿಹೋಗುತ್ತದೆ. ಸ್ಲ್ಯಾಬಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಬರುವ ಟೊಳ್ಳು ಸದ್ದು, ರಿಬೌಂಡ್ ಹ್ಯಾಮರ್ ಪರೀಕ್ಷೆ, ಶ್ರವಣಾತೀತ ತರಂಗದ ಪರೀಕ್ಷೆ ಇವೆಲ್ಲ ನಿಜ ಹೇಳುತ್ತವೆ. 1958ರಿಂದ ಪಿಡಿಎ ಎಂಜಿನಿಯರಿಂಗ್ ಕಾಲೇಜು ಇರುವ ಕಲಬುರಗಿಯಲ್ಲಿ ಸಿವಿಲ್ ಎಂಜಿನಿಯರುಗಳಿಗೆ ಬರವಿಲ್ಲ. ಒಬ್ಬರನ್ನು ಕರೆದು ಎರಡು ಪುಟದ ವರದಿ ಬರೆಸಿಕೊಂಡರೆ ಆಗುವ ಖರ್ಚು, ಅದಿಲ್ಲದೆ ಬೆಲೆಯಲ್ಲಿ ಆಗುವ ನಷ್ಟದ ಮುಂದೆ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಇದ್ದ ಸ್ಥಿತಿಯಲ್ಲೇ ಮಾರಿದ್ದೇನೆ ಎಂದು ಬರೆಸಿಕೊಂಡರೆ ಮಾರುವವನ ಹೊಣೆ ಮುಗಿಯಿತೆಂದು ತಿಳಿದವರಿದ್ದಾರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು ಹಾಗೆ ಹೇಳುವುದಿಲ್ಲ. ಮಾಲೀಕನಿಗೆ ಗೊತ್ತಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾಲೀಕ ತಿಳಿಸಲೇಬೇಕು. ಮುಚ್ಚಿಟ್ಟರೆ ಅದು ವಂಚನೆ. ಬೆಂಕಿ ಬಿದ್ದ ಸಂಗತಿ, ಯಾವ ಕೋಣೆಯಲ್ಲಿ ಎಷ್ಟು ಹೊತ್ತು ಉರಿಯಿತು ಎಂಬುದು ಖರೀದಿ ಪತ್ರದಲ್ಲಿ ಬರಬೇಕು. ಹಾಗೆ ಬರೆದುಕೊಟ್ಟ ಮಾಲೀಕ ನಾಳೆ ಕೋರ್ಟಿನ ಮೆಟ್ಟಿಲು ಹತ್ತುವುದು ತಪ್ಪುತ್ತದೆ. ಮಸಿಯ ಮೇಲೆ ಬಣ್ಣ ಬಳಿದು ಮಾರುವವರಿಗಿಂತ ಮಸಿ ಕಾಣುವಂತೆಯೇ ಮಾರುವವರು ಪ್ರಾಮಾಣಿಕರು. ಈ ಪದ್ಧತಿಯ ಗುಣ ಅದು, ಅದನ್ನು ಒಪ್ಪಲೇಬೇಕು.

ಅವಸರದಿಂದ ಆಗುವ ನಷ್ಟ ಮೊದಲು ಕಾಗದಗಳಲ್ಲಿ ಕಾಣುತ್ತದೆ. ಪೊಲೀಸರಿಗೆ ಕೊಟ್ಟ ದೂರು, ಅಗ್ನಿಶಾಮಕ ಠಾಣೆಯ ವರದಿ, ಕಂದಾಯದವರ ಪಂಚನಾಮೆ, ವಿಮೆಯಿದ್ದರೆ ಸರ್ವೇಯರನ ಭೇಟಿ ಎಲ್ಲವೂ ಸುಟ್ಟ ಮನೆ ಸುಟ್ಟ ಹಾಗೇ ನಿಂತಿದ್ದರೆ ಮಾತ್ರ ಸರಿಯಾಗಿ ಆಗುತ್ತವೆ. ಅಡುಗೆ ಅನಿಲದ ಸಿಲಿಂಡರ್‌ನಿಂದ ಅನಾಹುತವಾದರೆ ತೈಲ ಕಂಪನಿಗಳು ಮಾಡಿಸಿಟ್ಟ ವಿಮೆಯಲ್ಲಿ, ಗ್ರಾಹಕರ ನೋಂದಾಯಿತ ವಿಳಾಸದ ಆಸ್ತಿ ನಷ್ಟಕ್ಕೆ 2 ಲಕ್ಷದವರೆಗೆ ಅವಕಾಶವಿದೆ. ಗ್ರಾಹಕರು ಒಂದು ಪೈಸೆ ಕಂತು ಕಟ್ಟಿರಬೇಕಿಲ್ಲ, ವಿತರಕರಿಗೆ ತಕ್ಷಣ ಬರೆದು ತಿಳಿಸಬೇಕು. ಸರಕಾರದ ವಿಪತ್ತು ಪರಿಹಾರದ ಪಟ್ಟಿಯಲ್ಲಿ ಬೆಂಕಿಯೂ ಇದೆ. 2022ರಲ್ಲಿ ಕೇಂದ್ರ ಗೊತ್ತುಪಡಿಸಿದ ಪ್ರಮಾಣದಂತೆ ಬಯಲುಸೀಮೆಯಲ್ಲಿ ಪೂರ್ತಿ ಹಾಳಾದ ಮನೆಗೆ 1.20 ಲಕ್ಷ, ಪಕ್ಕಾ ಮನೆ ಭಾಗಶಃ ಹಾಳಾದರೆ ಬರೀ 6,500 ರೂಪಾಯಿ. ಈ ಎರಡು ಅಂಕಿಗಳ ನಡುವಿನ ಅಂತರ ನೋಡಿದರೆ ಪಂಚನಾಮೆಯಲ್ಲಿ ಬರೆಯುವ ಒಂದು ಪದಕ್ಕೆ ಎಷ್ಟು ತೂಕ ಎಂದು ಗೊತ್ತಾಗುತ್ತದೆ. 2019ರ ನೆರೆಯಲ್ಲಿ ಮನೆ ಪೂರ್ತಿ ಕಳೆದುಕೊಂಡವರಿಗೆ ರಾಜ್ಯ 5 ಲಕ್ಷ ಘೋಷಿಸಿತ್ತು. ನೀರಿನಲ್ಲಿ ಹೋದ ಮನೆಗೂ ಬೆಂಕಿಯಲ್ಲಿ ಹೋದ ಮನೆಗೂ ಅಷ್ಟು ಭೇದವೇಕೆ ಎಂದು ಕೇಳುವ ಹಕ್ಕು ನಮಗಿದೆ. ಪರಿಹಾರ ಇಷ್ಟು ಬಡವಾದಾಗಲೇ ದಲಾಲನ ಮಾತು ಸಿಹಿಯಾಗುತ್ತದೆ.

2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲೂ ಭಾರತ್ ಗೃಹ ರಕ್ಷಾ ಎಂಬ ಒಂದೇ ಮಾದರಿಯ ಪಾಲಿಸಿ ಸಿಗುತ್ತದೆ. ಮನೆಯೊಳಗಿನ ಸಾಮಾನಿಗೂ ಕಟ್ಟಡದ ಮೊತ್ತದ ಶೇ. 20ರಷ್ಟು, ಹತ್ತು ಲಕ್ಷದ ಮಿತಿಯಲ್ಲಿ, ತಾನಾಗಿಯೇ ರಕ್ಷಣೆ ಸೇರುತ್ತದೆ. ಬ್ಯಾಂಕಿನಲ್ಲಿ ಸಾಲ ಮಾಡಿ ಕಟ್ಟಿದ ಮನೆಯಾದರೆ ಇಂಥದೊಂದು ಪಾಲಿಸಿ ಇರುವ ಸಂಭವ ಹೆಚ್ಚು, ಮನೆಯವರಿಗೆ ಅದರ ನೆನಪಿಲ್ಲದಿದ್ದರೂ. ಇಸಾರು ಹಿಡಿಯುವ ಮೊದಲು ಬ್ಯಾಂಕಿಗೆ ಹೋಗಿ ಕೇಳಬೇಕು.

ಈಗ ನಗದಿನ ಮಾತು. ಕೈಗೆ ರೊಕ್ಕ ಬಂದರೆ ಸಾಕೆಂಬ ಮನಸ್ಸು ಅರ್ಥವಾಗುತ್ತದೆ. ಆದರೆ 2015ರ ಜೂನ್ 1ರಿಂದ ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮುಂಗಡವನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ ಎಂದು ಆದಾಯ ತೆರಿಗೆ ಕಾಯ್ದೆ ಹೇಳಿತು. ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ, ಅದೂ ತೆಗೆದುಕೊಂಡವರಿಗೆ. ಅಂದರೆ ಮನೆ ಕಳೆದುಕೊಂಡವನಿಗೆ. ಎರಡೂ ಕಡೆಯವರಿಗೆ ಕೃಷಿ ಆದಾಯವಿದ್ದು, ಇಬ್ಬರಿಗೂ ತೆರಿಗೆ ಬೀಳುವ ಆದಾಯ ಇಲ್ಲದಿದ್ದರೆ ಮಾತ್ರ ವಿನಾಯಿತಿ. ನಗರದಿಂದ ಬಂದ ವ್ಯಾಪಾರಿ ಆ ವಿನಾಯಿತಿಯಲ್ಲಿ ಬರುವುದಿಲ್ಲ. 2017ರ ಏಪ್ರಿಲ್‌ನಿಂದ 2 ಲಕ್ಷ ಅಥವಾ ಅದಕ್ಕೆ ಮೇಲಿನ ನಗದು ಸ್ವೀಕಾರಕ್ಕೂ ತಡೆ ಬಂತು. ಬೆಂಗಳೂರಿನ ಆರ್‌ಬಿಎಎನ್‌ಎಂಎಸ್ ಶಿಕ್ಷಣ ಸಂಸ್ಥೆಯ ಜಾಗದ ಪ್ರಕರಣದಲ್ಲಿ 75 ಲಕ್ಷ ನಗದು ಕೊಟ್ಟಿದ್ದೇವೆಂದು ಹೇಳಿಕೊಂಡವರ ದಾವೆ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. 2 ಲಕ್ಷ ಅಥವಾ ಅದಕ್ಕೆ ಮೇಲಿನ ನಗದಿನ ಮಾತು ಬಂದರೆ ಕೋರ್ಟುಗಳೂ ನೋಂದಣಿ ಕಚೇರಿಗಳೂ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕೆಂದು ನ್ಯಾಯಾಲಯ ಹೇಳಿತು. ಪತ್ರದಲ್ಲಿ ಒಂದು ಬೆಲೆ, ಕೈಯಲ್ಲಿ ಇನ್ನೊಂದು ಎಂಬ ಹಳೆಯ ರೂಢಿ ಈಗ ಬಡ ಮಾಲೀಕನಿಗೇ ಉರುಳು. ಚೆಕ್ಕು, ಡಿಡಿ, ಖಾತೆಗೆ ವರ್ಗಾವಣೆ ಇವು ಮೂರರಲ್ಲೂ ಹಣ ಒಂದೆರಡು ದಿನದಲ್ಲಿ ಬರುತ್ತದೆ. ವೇಗ ಬೇಕೆಂಬುದಕ್ಕೆ ನೋಟಿನ ಕಟ್ಟೇ ಬೇಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಇದ್ದಂತೆಯೇ ಮಾರುವುದೇ ಸರಿಯಾದ ದಾರಿಯಾಗಿರುವ ಮನೆಗಳಿವೆ. ಮಕ್ಕಳು ಪುಣೆ, ಹೈದರಾಬಾದು, ಬೆಂಗಳೂರಿನಲ್ಲಿ ನೆಲೆ ನಿಂತು, ಊರಲ್ಲಿ ಮುದುಕ ಗಂಡ-ಹೆಂಡತಿ ಇಬ್ಬರೇ ಇರುವ ಮನೆ. ಬೆಂಕಿಯಲ್ಲಿ ಒಬ್ಬರನ್ನು ಕಳೆದುಕೊಂಡು ಆ ಹೊಸ್ತಿಲು ದಾಟಲು ಯಾರಿಗೂ ಧೈರ್ಯ ಸಾಲದ ಮನೆ. ಮೇ ತಿಂಗಳಲ್ಲಿ ಸುಟ್ಟು, ಜೂನ್ ಮಳೆ ಬಂದರೆ ಮಾಳಿಗೆಯಿಲ್ಲದ ಮಣ್ಣಿನ ಗೋಡೆ ಕುಸಿದೇ ಬೀಳುವ ಮನೆ. ಇವರಿಗೆ ರಿಪೇರಿ ಮಾಡಿಸಿ ಆಮೇಲೆ ಮಾರಿ ಎಂದು ಬುದ್ಧಿ ಹೇಳುವುದು ಕ್ರೂರತನ. ಇವರು ಮಾರಲಿ. ಪಕ್ಕದ ಗೋಡೆಯವರನ್ನು ಮೊದಲು ಕೇಳಲಿ, ಜಾಗದ ಬೆಲೆ ಅವರಷ್ಟು ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ನೋಂದಣಿ ಇಲಾಖೆಯ ಮಾರ್ಗಸೂಚಿ ದರ ಎಷ್ಟೆಂದು ನೋಡಿಕೊಳ್ಳಲಿ. ಮುದ್ರಾಂಕ ಶುಲ್ಕ ಹೇಗೂ ಆ ದರಕ್ಕಿಂತ ಕಡಿಮೆಗೆ ಲೆಕ್ಕವಾಗುವುದು ಕಷ್ಟ, ಹಾಗಿರುವಾಗ ಬೆಲೆಯೂ ಅದಕ್ಕಿಂತ ಕೆಳಗೆ ಇಳಿಯಲು ಕಾರಣವಿಲ್ಲ. ಮನೆಯ ಹಕ್ಕುಪತ್ರ ಸುಟ್ಟುಹೋಗಿದ್ದರೆ ಅದೇ ನೆಪದಲ್ಲಿ ಬೆಲೆ ಇಳಿಸುವವರಿದ್ದಾರೆ. ನೋಂದಣಿಯಾದ ಪತ್ರದ ದೃಢೀಕೃತ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ, ಪಂಚಾಯತಿ ಮನೆಯಾದರೆ ಇ-ಸ್ವತ್ತು ಇದೆ.

ಕೊನೆಯದಾಗಿ ಸಹಿಯ ಪ್ರಶ್ನೆ. ಇದರಲ್ಲಿ ನನಗೆ ಸಿಟ್ಟು ಹೆಚ್ಚು. ಸುಟ್ಟ ಮನೆಯ ವ್ಯಾಪಾರ ಅವಸರದಲ್ಲಿ ನಡೆಯುವುದರಿಂದ ಊರಲ್ಲಿರುವ ಒಬ್ಬ ಮಗನ ಸಹಿಗೆ ಇಸಾರು ಕೊಟ್ಟು ಮುಗಿಸುತ್ತಾರೆ. ಪಿತ್ರಾರ್ಜಿತ ಮನೆಯಾದರೆ ಅದು ನಡೆಯುವುದಿಲ್ಲ. ಕರ್ನಾಟಕ 1994ರಲ್ಲೇ ಹಿಂದೂ ಕುಟುಂಬಗಳ ಮದುವೆಯಾಗದ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳನ್ನೂ ಸೇರಿಸಿತು, ತಂದೆ ಆಗ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಮುಸ್ಲಿಂ ಕುಟುಂಬಗಳಲ್ಲಿ ಮಗಳ ಪಾಲು ಮೊದಲಿನಿಂದಲೂ ಗೊತ್ತುಪಡಿಸಿದ್ದೇ. ಆದರೂ ಸೇಡಂಗೋ ಚಿಂಚೋಳಿಗೋ ಕೊಟ್ಟ ಅಕ್ಕನಿಗೆ ಫೋನು ಹೋಗುವುದು ನೋಂದಣಿಯ ಹಿಂದಿನ ದಿನ, "ಒಂದ್ ಸಹಿ ಹಾಕಿ ಹೋಗವ್ವಾ" ಎಂದು. ಅವಳ ತೊಟ್ಟಿಲು ತೂಗಿದ ತೊಲೆ ಎಷ್ಟಕ್ಕೆ ಹೋಯಿತು ಎಂಬುದು ಅವಳಿಗೆ ಆಗ ಗೊತ್ತಾಗುತ್ತದೆ. ಅವಳನ್ನು ಕೇಳಬೇಕಾದದ್ದು ಇಸಾರಿಗೆ ಮುಂಚೆ, ಬೆಲೆ ಎಷ್ಟೆಂಬ ಮಾತು ನಡೆಯುವಾಗ.