ಹಂಡೆ ಸೋರಿದರೆ ಮೊದಲು ಒಲೆ ನೋಡಿ

ಹಂಡೆ ಸೋರಲು ಶುರುವಾಗಿ ಎಷ್ಟೋ ತಿಂಗಳಾಗಿರುತ್ತದೆ. ಮನೆಯವರಿಗೆ ಗೊತ್ತಾಗುವುದು ಮಾತ್ರ ನೀರು ತುಂಬುವ ಹಬ್ಬದ ದಿನ. ವರ್ಷವಿಡೀ ಮಸಿ ಮೆತ್ತಿಕೊಂಡು ಕೂತದ್ದನ್ನು ಒಲೆಯಿಂದ ಕಿತ್ತು, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ, ಜೇಡಿ-ಕೆಮ್ಮಣ್ಣಿನ ಗೆರೆ ಎಳೆದು, ಕೊರಳಿಗೆ ಹಿಂಡಲಕಾಯಿಯ ಬಳ್ಳಿ ಸುತ್ತಿ ನೀರು ತುಂಬಿದರೆ ಒಲೆಯೊಳಗೆ ತೊಟ್ಟಿಕ್ಕುವ ಸದ್ದು. ಇಷ್ಟು ದಿನ ತೂತು ಮುಚ್ಚಿಕೊಂಡಿದ್ದದ್ದು ಆ ಮಸಿಯೇ. ಆ ಕ್ಷಣದಿಂದ ಮನೆಯಲ್ಲಿ ಎರಡು ಪಕ್ಷ. ಅಜ್ಜಿಯ ಪಕ್ಷ, ‘ತಳ ಹಾಕಿಸ್ರೋ’ ಎನ್ನುತ್ತದೆ. ಮೊಮ್ಮಕ್ಕಳ ಪಕ್ಷ, ‘ಗುಜರಿಗೆ ಹಾಕಿ ಗೀಸರ್ ತರೋಣ’ ಎನ್ನುತ್ತದೆ. ಯಜಮಾನರು ಎಂ-ಸೀಲ್ ಹುಡುಕುತ್ತಾರೆ.

ಎಂ-ಸೀಲಿನ ವಿಷಯ ಮೊದಲು ಮುಗಿಸಿಬಿಡೋಣ. ಬೆಂಕಿಯ ಉರಿ ತಾಗುವ ತಳಕ್ಕೆ ಅದನ್ನು ಮೆತ್ತಿದರೆ ಕರಕಾಗಿ ಉದುರುತ್ತದೆ. ಬೇಡ.

ಉಳಿದ ಎರಡು ಪಕ್ಷಗಳೂ ಒಂದು ವಿಷಯ ಮರೆಯುತ್ತವೆ. ಬಚ್ಚಲಲ್ಲಿರುವುದು ಒಂದು ವಸ್ತುವಲ್ಲ, ಎರಡು: ಹಂಡೆ ಬೇರೆ, ಒಲೆ ಬೇರೆ. ಹಂಡೆ ಸೋರುವುದು ಕಣ್ಣಿಗೆ ಕಾಣುತ್ತದೆ, ಒಲೆ ಸೋರುವುದು ಕಾಣುವುದಿಲ್ಲ. ದುಡ್ಡು ಹೋಗುತ್ತಿರುವುದು ಮಾತ್ರ ಹೆಚ್ಚಾಗಿ ಎರಡನೆಯದರಲ್ಲಿ.

ಹಂಡೆಯಿಂದ ಶುರುಮಾಡೋಣ. ತಿಕ್ಕಿ ಒಣಗಿಸಿದ ಹಂಡೆಯನ್ನು ಕತ್ತಲೆ ಕೋಣೆಗೆ ಒಯ್ದು, ಒಳಗೆ ಟಾರ್ಚ್ ಇಟ್ಟು, ಬಾಯಿಗೆ ಕಂಬಳಿ ಮುಚ್ಚಿ ನೋಡಿ. ಬೆಳಕಿನ ಚುಕ್ಕಿ ಒಂದೋ ಎರಡೋ ಕಂಡರೆ ಬೆಸುಗೆ ಸಾಕು. ತಳದ ತುಂಬ ಚುಕ್ಕಿ ಕಂಡರೆ ಬೆಸುಗೆಯ ಮಾತೇ ಬೇಡ. ಒಂದು ಕಡೆ ಮುಚ್ಚಿದರೆ ಪಕ್ಕದಲ್ಲೇ ಇನ್ನೊಂದು ಬಾಯಿಬಿಡುತ್ತದೆ. ಆಮೇಲೆ ಹೆಬ್ಬೆರಳಿನಿಂದ ತಳವನ್ನು ಒತ್ತಿ ನೋಡಿ. ಡಬ್ಬಿಯ ಮುಚ್ಚಳದಂತೆ ಒಳಗೆ ಹೋಗಿ ‘ಟಕ್’ ಎಂದು ವಾಪಸು ಬಂದರೆ ತಾಮ್ರ ಸವೆದಿದೆ ಎಂದೇ ಅರ್ಥ. ಕೊನೆಯದಾಗಿ, ಹಂಡೆ ಒಲೆಯ ಮೇಲೆ ಕೂರುವ ಸುತ್ತಳತೆಯನ್ನು ಬೆರಳಾಡಿಸಿ ನೋಡಬೇಕು. ಬೂದಿ, ತೇವ ಸೇರಿ ಹಸಿರು ಕಿಲುಬು ಹಿಡಿಯುವುದು ಆ ಉಂಗುರದಲ್ಲೇ. ಹೆಚ್ಚಿನವರು ತಳ ನೋಡಿ ಸಮಾಧಾನಪಟ್ಟು ಇದನ್ನು ಬಿಟ್ಟುಬಿಡುತ್ತಾರೆ.

ತಳ ಸವೆದು ಮೈ ಗಟ್ಟಿಯಿದ್ದರೆ ತಳ ಹಾಕಿಸುವುದೇ ಸರಿ. ಆದರೆ ಯಾವ ಬೆಸುಗೆ ಎಂದು ಕೇಳಿ. ತವರ-ಸೀಸದ ಬೆಸುಗೆ ಸುಮಾರು 183 ಡಿಗ್ರಿ ಸೆಲ್ಸಿಯಸ್‌ಗೇ ಕರಗಲು ಶುರುವಾಗುತ್ತದೆ. ತಾಮ್ರ ಕರಗಬೇಕಾದರೆ 1085 ಡಿಗ್ರಿ ಬೇಕು. ಒಳಗೆ ನೀರಿರುವಷ್ಟು ಹೊತ್ತು ತಳದ ಬಿಸಿ ನೂರರ ಆಸುಪಾಸು ಬಿಟ್ಟು ಬಹಳ ಮೇಲೇರುವುದಿಲ್ಲ, ಹಾಗಾಗಿ ಮೆತ್ತನೆಯ ಬೆಸುಗೆಯೂ ತಡೆದುಕೊಳ್ಳುತ್ತದೆ. ಕೆಂಡ ನಿಗಿನಿಗಿ ಇರುವಾಗ ನೀರು ಮುಗಿಯಿತೋ, ಹಂಡೆಗೆ ಏನೂ ಆಗದಿದ್ದರೂ ಬೆಸುಗೆ ಇಳಿದುಹೋಗುತ್ತದೆ. ಸ್ನಾನ ಮಾಡಿದವರು ಒಂದು ಕೊಡ ತಣ್ಣೀರು ಹಾಕದೆ ಬಚ್ಚಲಿಂದ ಹೊರಗೆ ಬರಬಾರದು ಎಂದು ಹಿರಿಯರು ಗದರುತ್ತಿದ್ದದ್ದು ಮುಂದಿನವರ ಸ್ನಾನದ ಚಿಂತೆಗೆ ಮಾತ್ರವಲ್ಲ. ತಳಕ್ಕೆ ಹಿತ್ತಾಳೆ ಬೆಸುಗೆಯೇ ಆಗಬೇಕು. ಹಂಡೆಯ ಬಿಸಿನೀರನ್ನು ಅಡುಗೆಗೂ ತೋಡಿಕೊಳ್ಳುವ ಮನೆಯಾದರೆ ಸೀಸದ ಬೆಸುಗೆಯನ್ನು ಎಲ್ಲೂ ಮಾಡಿಸಕೂಡದು.

ಹೊಸದೇ ಬೇಕೆಂದು ಪಾತ್ರೆ ಅಂಗಡಿಗೆ ಹೋದರೆ ಹಳೆಯ ತಾಮ್ರವನ್ನು ತೂಕಕ್ಕೆ ಹಾಕಿಕೊಳ್ಳುತ್ತಾರೆ. ವ್ಯವಹಾರ ಲಾಭದ್ದೆಂದೇ ಕಾಣುತ್ತದೆ. ನನ್ನದೊಂದು ಕಿವಿಮಾತು: ಅಷ್ಟೇ ನೀರು ಹಿಡಿಯುವ ಹೊಸ ಹಂಡೆಯನ್ನೂ ಅದೇ ತಕ್ಕಡಿಗೆ ಹಾಕಿಸಿ. ಹಳೆಯದಕ್ಕಿಂತ ತೀರಾ ಹಗುರವಿದ್ದರೆ ನೀವು ಕೊಳ್ಳುತ್ತಿರುವುದು ಹೊಳಪನ್ನು, ಹಂಡೆಯನ್ನಲ್ಲ. ಅಲ್ಯೂಮಿನಿಯಂ ಹಂಡೆ ಅಗ್ಗ ನಿಜ, ಆದರೆ ಒದ್ದೆ ಬೂದಿಯ ಕ್ಷಾರಕ್ಕೂ ಅದಕ್ಕೂ ಆಗಿಬರುವುದಿಲ್ಲ.

ತಾಮ್ರದಲ್ಲಿ ನೀರು ಬೇಗ ಕಾಯುತ್ತದೆ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಬಚ್ಚಲ ಮಟ್ಟಿಗೆ ಆ ಮಾತಿನಲ್ಲಿ ಹುರುಳು ಕಡಿಮೆ. ತಾಮ್ರ ಶಾಖವನ್ನು ಸರಾಗವಾಗಿ ದಾಟಿಸುತ್ತದೆ, ಸರಿಯೇ. ಆದರೆ ತಡೆ ಇರುವುದು ಲೋಹದಲ್ಲಲ್ಲ, ಬಿಸಿಗಾಳಿಯಿಂದ ಲೋಹಕ್ಕೆ ಶಾಖ ಹತ್ತುವ ಕಡೆ. ಅಲ್ಲಿ ಒಲೆ ಸೋತರೆ ತಾಮ್ರವೂ ಒಂದೇ, ಸ್ಟೀಲೂ ಒಂದೇ. ತಾಮ್ರದ ಹೆಚ್ಚುಗಾರಿಕೆ ಬಾಳಿಕೆಯಲ್ಲಿದೆ, ಎಷ್ಟು ಸಲವಾದರೂ ರಿಪೇರಿಗೆ ಒಗ್ಗುವುದರಲ್ಲಿದೆ.

ಲೆಕ್ಕ ಹಾಕಿ ನೋಡಿ. 60 ಲೀಟರ್ ನೀರನ್ನು 25 ಡಿಗ್ರಿಯಿಂದ 65ಕ್ಕೆ ಏರಿಸಲು ಸುಮಾರು 2.8 ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಒಣ ಸೌದೆಯ ಶಾಖವೆಲ್ಲ ನೀರಿಗೇ ಹೋಗುವಂತಿದ್ದರೆ ಮುಕ್ಕಾಲು ಕಿಲೋವೂ ಬೇಕಿಲ್ಲ. ಒಲೆ ನೂರಕ್ಕೆ 15 ಪಾಲು ಮಾತ್ರ ನೀರಿಗೆ ಮುಟ್ಟಿಸಿದರೆ ನಾಲ್ಕು ಕಿಲೋ ದಾಟುತ್ತದೆ. 30 ಪಾಲು ಮುಟ್ಟಿಸಿದರೆ ಎರಡು ಕಿಲೋ ಚಿಲ್ಲರೆಯಲ್ಲಿ ಮುಗಿಯುತ್ತದೆ. ಹಂಡೆ ಬದಲಿಸಿ ಈ ಉಳಿತಾಯ ಸಿಗುವುದಿಲ್ಲ.

ಒಲೆಯಲ್ಲಿ ನೋಡಬೇಕಾದ್ದೇನು? ಬೆಂಕಿ ಬೂದಿಯ ಮೇಲೇ ಉರಿಯುತ್ತಿದ್ದರೆ ಅದಕ್ಕೆ ಅಡಿಯಿಂದ ಗಾಳಿ ಇಲ್ಲ, ಕಬ್ಬಿಣದ ಜಾಲರಿ ಹಾಕಿಸಿ. ಹಂಡೆಯ ತಳಕ್ಕೆ ಬಡಿದ ಉರಿ ಒಲೆಬಾಯಿಯಿಂದಲೇ ಹೊರಗೆ ಚಾಚುತ್ತಿದ್ದರೆ ನೀವು ಬಚ್ಚಲ ಗೋಡೆಯನ್ನು ಕಾಯಿಸುತ್ತಿದ್ದೀರಿ. ಉರಿ ತಳ ಮುಟ್ಟಿ, ಹಂಡೆಯ ಪಕ್ಕೆಯನ್ನು ಸವರಿಕೊಂಡು, ಹಿಂದಿನ ಹೊಗೆಗೂಡಿನಿಂದ ಹೋಗಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಘಟಕದವರು ಅಡುಗೆಗೆಂದು ರೂಪಿಸಿದ ಅಸ್ತ್ರ ಒಲೆಯನ್ನು ನಮ್ಮ ಹಳ್ಳಿಗಳು ಬಲ್ಲವು. ಜಾಲರಿ, ಅಳತೆಯ ಗಾಳಿ, ಹೊಗೆಗೂಡು ಎಂಬ ಅದರ ಸೂತ್ರಗಳು ಬಚ್ಚಲಿಗೂ ಸಲ್ಲುತ್ತವೆ.

ಒಂದು ಜಗಳ ಮಾತ್ರ ನನಗೆ ಗಾರೆಯವರ ಜೊತೆ ಮುಗಿಯುವುದೇ ಇಲ್ಲ. ಹಂಡೆಯ ಸುತ್ತ ಸಿಮೆಂಟ್ ಬೇಡವೆಂದರೂ ಸಂದು ಬಿಡದೆ ಬಳಿಯುತ್ತಾರೆ. ದಿನಾ ಕಾದು ತಣಿಯುವ ಜಾಗದಲ್ಲಿ ಸಿಮೆಂಟ್ ಬಿರುಕುಬಿಡುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಮುಂದೆ ಹಂಡೆ ಕೀಳಬೇಕಾದಾಗ ಉಳಿ-ಸುತ್ತಿಗೆಯ ಪೆಟ್ಟು ತಾಮ್ರಕ್ಕೇ ಬೀಳುತ್ತದೆ. ಹುತ್ತದ ಮಣ್ಣು, ಸಗಣಿ, ಸ್ವಲ್ಪ ಭತ್ತದ ಹೊಟ್ಟು ಕಲಸಿ ಮೆತ್ತಿ. ವರ್ಷಕ್ಕೊಮ್ಮೆ ತಟ್ಟಿದರೆ ಉದುರುವಂತಿರಬೇಕು. ಹೋದ ಕಡೆ ಮತ್ತೆ ಮೆತ್ತಿದರಾಯಿತು.

ಇಷ್ಟೆಲ್ಲ ಆದಮೇಲೂ ಹಂಡೆ-ಒಲೆ ಇರಬೇಕೋ ಹೋಗಬೇಕೋ ಎಂಬುದನ್ನು ತೀರ್ಮಾನಿಸುವುದು ತೂತಲ್ಲ, ಸೌದೆ. ಅಡಿಕೆ ಸಿಪ್ಪೆ, ಹಾಳೆ, ತೆಂಗಿನ ಮಟ್ಟೆ, ಕರಟ ಅಂಗಳದಲ್ಲೇ ಬೀಳುವ ಮನೆಯವರು ತಳ ಹಾಕಿಸಿ, ಒಲೆ ಸರಿಮಾಡಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಕಾಣದ ಊರಿನಲ್ಲಿ ಸೋಲಾರ್ ಹಾಕಿಸಿದವರೂ ಹಂಡೆಯನ್ನು ಗುಜರಿಗೆ ಹಾಕಿಲ್ಲ, ಕೇಳಿ ನೋಡಿ. ಸೌದೆಯನ್ನು ದುಡ್ಡು ಕೊಟ್ಟು ತರಿಸುವ, ಸೀಳುವ ಆಳು ಸಿಗದ, ಇಬ್ಬರೇ ವಯಸ್ಸಾದವರಿರುವ ಮನೆಗೆ ನಾನು ಹಂಡೆ ಇಟ್ಟುಕೊಳ್ಳಿ ಎನ್ನಲಾರೆ. ಹೊಗೆಯ ಕಮಟು ಬೆರೆತ ಹಂಡೆ ನೀರಿನ ಅಭ್ಯಂಜನದ ಮುಂದೆ ಬೇರೆಲ್ಲ ಸ್ನಾನ ಸಪ್ಪೆ ಎನ್ನುವವನು ನಾನು. ಆದರೂ ಆ ಸುಖಕ್ಕಾಗಿ ಎಪ್ಪತ್ತು ದಾಟಿದವರು ಬೆಳಗಿನ ಜಾವ ಒಲೆ ಊದಬೇಕಿಲ್ಲ. ಬಯಲುಸೀಮೆಯಾದರೆ ಸೋಲಾರ್, ಇಲ್ಲದಿದ್ದರೆ ಕರೆಂಟಿನ ಗೀಸರ್ ಹಾಕಿಸಿಕೊಳ್ಳಲಿ.

ಗ್ಯಾಸ್ ಗೀಸರ್ ಲೆಕ್ಕದಲ್ಲಿ ಚೆನ್ನಾಗಿಯೇ ಕಾಣುತ್ತದೆ. ನೂರಕ್ಕೆ 80 ಪಾಲು ಶಾಖ ನೀರಿಗೆ ಸಿಕ್ಕರೂ 14.2 ಕಿಲೋ ಸಿಲಿಂಡರಿನಲ್ಲಿ ಐವತ್ತರಷ್ಟು ಹಂಡೆ ನೀರು ಕಾಯುತ್ತದೆ. ಆದರೆ ಮುಚ್ಚಿದ ಬಚ್ಚಲಲ್ಲಿ ಅದು ಉರಿದರೆ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯಾದರೆ ಕಣ್ಣುರಿಸಿ ಎಚ್ಚರಿಸುತ್ತದೆ, ಇದು ಎಚ್ಚರಿಸುವುದಿಲ್ಲ. ಸ್ನಾನಕ್ಕೆಂದು ಹೋದವರು ಒಳಗೇ ಕುಸಿದು ಸತ್ತ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಹಾಕಿಸುವುದೇ ಆದರೆ ಯಂತ್ರವನ್ನೂ ಸಿಲಿಂಡರನ್ನೂ ಬಚ್ಚಲ ಹೊರಗೆ, ಗಾಳಿಯಾಡುವ ಕಡೆ ಇಡಿಸಿ; ಒಳಗೆ ಬರಬೇಕಾದ್ದು ಬಿಸಿನೀರಿನ ಪೈಪು ಮಾತ್ರ.