ಬೆದರಿಸಲಿಲ್ಲ ಎಂಬ ದೂರು

'ಫಿಯರ್ಸ್ ಆಫ್ ದ ಡಾರ್ಕ್' ಮಾತು ಬಂದಾಗಲೆಲ್ಲ ಅದೇ ತೀರ್ಪು: ನೋಡಲು ಚೆಂದ, ಕಥೆ ಪೇಲವ, ಒಟ್ಟಾರೆ ಏರುಪೇರು, ಭಯವಂತೂ ಆಗುವುದಿಲ್ಲ. 2007ರ ಈ ಫ್ರೆಂಚ್ ಕಪ್ಪುಬಿಳುಪು ಆನಿಮೇಷನ್ ಚಿತ್ರಕ್ಕೆ ಅಂಟಿದ ಷರಾ ಇನ್ನೂ ಕಳಚಿಲ್ಲ. ಭಯದ ಕಥಾಗುಚ್ಛ ಎಂದೊಡನೆ 'ಏರುಪೇರು' ಎಂದು ಚಿತ್ರ ನೋಡುವ ಮೊದಲೇ ಬರೆದಿಟ್ಟಿರುತ್ತಾರೋ ಏನೋ. 1945ರ 'ಡೆಡ್ ಆಫ್ ನೈಟ್' ಚಿತ್ರದ ಗತಿಯೂ ಅದೇ. ಅದರ ಗಾಲ್ಫ್ ಕಥೆಯನ್ನು ಬೈದು, ನಿರ್ದೇಶಕ ಕವಲ್ಕಾಂತಿಯ ಮಾತಾಡುವ ಗೊಂಬೆಯನ್ನು ಹೊಗಳಿದರೆ ವಿಮರ್ಶೆ ಮುಗಿಯಿತು.

'ಫಿಯರ್ಸ್ ಆಫ್ ದ ಡಾರ್ಕ್'ನ ಆರು ಮಂದಿ ನಿರ್ದೇಶಕರೂ ಕಾಮಿಕ್ಸ್, ಗ್ರಾಫಿಕ್ ವಿನ್ಯಾಸಗಳಿಂದ ಬಂದವರು. ಮರೀ ಕಾಯೂ ಅವರ ಜಪಾನಿ ಶಾಲಾ ಹುಡುಗಿಯ ಕಥೆ ನನಗೂ ರುಚಿಸಲಿಲ್ಲ. ಅದನ್ನು ಸಮರ್ಥಿಸುವ ಉಮೇದೂ ಇಲ್ಲ. ಚಾರ್ಲ್ಸ್ ಬರ್ನ್ಸ್ ಕಂಪ್ಯೂಟರ್ ಬಳಸಿಯೂ ತಮ್ಮ ಮಸಿಗೆರೆಯ ಕ್ರೌರ್ಯ ಉಳಿಸಿಕೊಂಡಿದ್ದಾರೆ. ಬ್ಲಚ್‌ನ ನಾಯಿಗಳು ಕಥೆಗಳ ನಡುನಡುವೆ ನುಗ್ಗಿ ಕಚ್ಚುತ್ತವೆ.

ಆದರೆ ನನ್ನ ಪಕ್ಷಪಾತವೆಲ್ಲ ಕೊನೆಯ ತುಣುಕಿನ ರಿಚರ್ಡ್ ಮೆಗ್ವೈರ್ ಕಡೆಗೆ. 'ಕಥೆಯಿಲ್ಲ' ಎಂಬ ದೂರಿಗೆ ಸುಲಭವಾಗಿ ಸಿಕ್ಕಿಬೀಳುವವರೂ ಅವರೇ. ಹಿಮಗಾಳಿಗೆ ಸಿಕ್ಕ ದಪ್ಪ ಆಳೊಬ್ಬ ಖಾಲಿ ಮನೆಯೊಂದಕ್ಕೆ ನುಗ್ಗುತ್ತಾನೆ. ಅಲ್ಲೊಂದು ಫೋಟೋ ಆಲ್ಬಮ್; ಆ ಮನೆಯಲ್ಲಿದ್ದ ಹೆಂಗಸು ಇನ್ನೂ ಹೋದಂತಿಲ್ಲ. ಇಷ್ಟೇ. ಮಾತೇ ಇಲ್ಲ. ಬೂದುಬಣ್ಣದ ರಿಯಾಯಿತಿಯೂ ಇಲ್ಲ: ಅಚ್ಚ ಕಪ್ಪು, ಅಚ್ಚ ಬಿಳುಪು. ಬೆಳಕು ಬಿದ್ದಷ್ಟೇ ಜಗತ್ತು. ಮುಖದ ಒಂದು ಪಾರ್ಶ್ವ, ಒಂದು ಕೈ, ಮೇಜಿನ ಅಂಚು. ಮಿಕ್ಕ ಪರದೆಯೆಲ್ಲ ಕಪ್ಪು, ಅದರಲ್ಲಿ ಮನೆ ಎಷ್ಟು ದೊಡ್ಡದೆಂದು ಕೂಡ ತಿಳಿಯುವುದಿಲ್ಲ. ಅವನು ದೀಪ ಸರಿಸಿದಾಗ ಗೋಡೆ ಹುಟ್ಟುತ್ತದೆ, ಇನ್ನೊಂದು ಕಡೆ ತಿರುಗಿದರೆ ಅದೇ ಗೋಡೆ ಅಳಿದುಹೋಗುತ್ತದೆ.

1989ರಲ್ಲಿ 'ಹಿಯರ್' ಎಂಬ ಆರು ಪುಟಗಳ ಕಾಮಿಕ್‌ನಲ್ಲಿ ಒಂದೇ ಕೋಣೆಯ ಮೂಲೆಯನ್ನು ಬೇರೆಬೇರೆ ಕಾಲಗಳಲ್ಲಿ ತೋರಿಸಿದವರು ಮೆಗ್ವೈರ್. ಒಂದು ಜಾಗದಲ್ಲಿ ಹಿಂದೆ ಇದ್ದವರು ಪೂರ್ತಿ ಖಾಲಿ ಮಾಡಿಕೊಂಡು ಹೋಗುವುದಿಲ್ಲ ಎಂಬುದು ಅಲ್ಲಿ ವಿಸ್ಮಯ, ಇಲ್ಲಿ ಭೀತಿ. ಲಿಕ್ವಿಡ್ ಲಿಕ್ವಿಡ್ ಬ್ಯಾಂಡಿನಲ್ಲಿ ಬಾಸ್ ಗಿಟಾರ್ ನುಡಿಸಿದವರೂ ಹೌದು. ಎಲ್ಲಿ ಸುಮ್ಮನಿರಬೇಕೆಂಬ ಲೆಕ್ಕ ಅಲ್ಲಿಂದಲೇ ಬಂದಿರಬೇಕೆಂದು ನನ್ನ ಗುಮಾನಿ.

ಇಂಥದ್ದನ್ನು ನೋಡಿಯೂ 'ಚೆಂದ, ಆದರೆ ಕಥೆಯಿಲ್ಲ' ಎನ್ನುವವರಿಗೆ ಕಣ್ಣಿಗೆ ಕಾಣುವುದು ಬರೀ ಅಲಂಕಾರ. ಅವರ ಪಾಲಿಗೆ ಸತ್ವವೆಲ್ಲ ನಾಲ್ಕು ಸಾಲಿನ ಸಾರಾಂಶದಲ್ಲಿದೆ. ನಮ್ಮಲ್ಲೂ ಈ ಜಾಡ್ಯ ಕಡಿಮೆಯೇನಿಲ್ಲ. ಸಿನಿಮಾ ನೋಡಿ ಬಂದವರನ್ನು ನಾವು ಕೇಳುವ ಮೊದಲ ಪ್ರಶ್ನೆ 'ಸ್ಟೋರಿ ಏನು?'. ಗದಾಯುದ್ಧದಲ್ಲಿ ಕೌರವನ ತೊಡೆ ಮುರಿಯುವುದು ಗೊತ್ತಿದ್ದೂ ರಾತ್ರಿಯೆಲ್ಲ ಬಯಲಾಟದ ಮುಂದೆ ಕೂರುವ ಊರಿನವರು ನಾವು! ಅಲ್ಲಿ ಕಥೆಗಾಗಿ ಯಾರು ಕೂತಿದ್ದರು? ವೇಷಧಾರಿ ಹೇಗೆ ಬರುತ್ತಾನೆ, ಎಲ್ಲಿ ನಿಲ್ಲುತ್ತಾನೆ ಎಂದು ಕಾಯುವ ಅದೇ ಪ್ರೇಕ್ಷಕ ಥಿಯೇಟರಿಗೆ ಬಂದರೆ ಲೆಕ್ಕಪರಿಶೋಧಕನಾಗಿಬಿಡುತ್ತಾನೆ.

'ಭಯವಾಗಲಿಲ್ಲ' ಎಂಬುದರ ಅರ್ಥವೂ ಈಗ ಕುರ್ಚಿಯಿಂದ ಎಷ್ಟು ಸಲ ಹಾರಿದಿರಿ ಎಂದಷ್ಟೇ. ಧಡ್ ಎಂಬ ಸದ್ದಿಗೆ ಬೆಚ್ಚುವುದು ಕಿವಿಯ ಕೆಲಸ, ಅದಕ್ಕೆ ಕಲೆ ಬೇಡ. ಮೊಬೈಲಿನಲ್ಲಿ ಬ್ರೈಟ್‌ನೆಸ್ ಏರಿಸಿ ಸಿನಿಮಾ ನೋಡಿ ಮುಗಿಸುವವರಿಗೆ ಮೆಗ್ವೈರ್ ಒಗ್ಗದಿರುವುದು ಸಹಜವೇ. ಎಷ್ಟು ಏರಿಸಿದರೂ ಆ ಕಪ್ಪಿನೊಳಗೆ ಮೆಗ್ವೈರ್ ಏನನ್ನೂ ಬಿಡಿಸಿಟ್ಟಿಲ್ಲ.