ಠಸೆಗೆ ಕೊಟ್ಟ ಬೆಲೆ

ಹಿಟ್ಲರನ ಐವತ್ತನೇ ಹುಟ್ಟುಹಬ್ಬಕ್ಕೆಂದು 1939ರಲ್ಲಿ ಬಂದೂಕು ತಯಾರಕ ವಾಲ್ಟರ್ ಮನೆತನದವರು ಕೊಟ್ಟ ಚಿನ್ನದ ಲೇಪದ ಪಿಪಿ ಮಾದರಿಯ ಪಿಸ್ತೂಲು 1987ರ ಹರಾಜಿನಲ್ಲಿ 1,14,000 ಡಾಲರಿಗೆ ಹೋಯಿತು. ಅಷ್ಟು ಹಣ ಬಂದದ್ದು ಒಡೆಯನ ಹೆಸರಿಗೆ. ಒಳಗಿನ ಯಂತ್ರ ಅಂಗಡಿಯಲ್ಲಿ ಸಿಗುತ್ತಿದ್ದ ಮಾಮೂಲಿ ಪಿಪಿಯದೇ. ಜರ್ಮನ್ ಕಿಸೆ ಪಿಸ್ತೂಲುಗಳನ್ನು ಕೂಡಿಡುವ ಹವ್ಯಾಸದ ಬಗ್ಗೆ ನನ್ನ ತಕರಾರು ಇಲ್ಲಿಂದಲೇ ಶುರು. ಈ ಹವ್ಯಾಸದಲ್ಲಿ ಕಲಿಯಲು ಸಿಗುವುದೆಲ್ಲ ಅಗ್ಗದ ಮಾಲಿನಲ್ಲಿದೆ; ಹಣ ಮಾತ್ರ ಠಸೆಗಳ ಹಿಂದೆ ಓಡುತ್ತದೆ.

ಅಂಗೈಯಗಲದ ಈ ಪಿಸ್ತೂಲುಗಳಿಗೆ ದಾರಿ ತೋರಿದವನು ಅಮೆರಿಕದ ಜಾನ್ ಬ್ರೌನಿಂಗ್. ಅವನ ವಿನ್ಯಾಸವನ್ನು ಬೆಲ್ಜಿಯಂನ ಎಫ್‌ಎನ್ ಕಂಪನಿ 1900ರಲ್ಲಿ ಮಾರುಕಟ್ಟೆಗೆ ತಂದು ಗೆದ್ದಾಗ ಜರ್ಮನಿಯ ಬಂದೂಕು ಊರುಗಳು ಸುಮ್ಮನೆ ಕೂರಲಿಲ್ಲ. 1907ರಲ್ಲಿ ಡ್ರೈಸೆ, ಮರುವರ್ಷ ವಾಲ್ಟರ್, 1910ರಲ್ಲಿ ಮೌಸರ್, 1913ರಲ್ಲಿ ಜವರ್ ಹೀಗೆ ಒಂದರ ಹಿಂದೊಂದು ಬಂದವು. (ಮೌಸರ್ ಎಂದರೆ ನಮಗೆ ನೆನಪಾಗುವುದು 1914ರಲ್ಲಿ ಕಲ್ಕತ್ತೆಯ ರೋಡಾ ಕಂಪನಿಯ ಮಾಲಿನಿಂದ ಕ್ರಾಂತಿಕಾರಿಗಳು ಎಗರಿಸಿದ ಐವತ್ತು ಪಿಸ್ತೂಲುಗಳು. ಅವು ಕಿಸೆಗೆ ಹಿಡಿಸುವಂಥವಲ್ಲ, ದೊಡ್ಡ ಸಿ-96ಗಳು.)

ಜರ್ಮನ್ ಕಿಸೆ ಪಿಸ್ತೂಲುಗಳಲ್ಲಿ ನನ್ನ ಕಣ್ಣು ನಿಲ್ಲುವುದು ಬೆಹೋಲ್ಲಾದ ಮೇಲೆ. ನೋಡಲು ಅಂದವಿಲ್ಲ, ಹೆಸರೂ ದೊಡ್ಡದಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯಕ್ಕೆ ಬೇಕಾದಷ್ಟು ಲೂಗರ್ ಪಿಸ್ತೂಲುಗಳು ಸಿಗದೆ, ಜೂಲ್ ಊರಿನ ಬೆಕರ್ ಮತ್ತು ಹೊಲ್ಯಾಂಡರ್ ಎಂಬ ಸಂಸ್ಥೆಯ ಈ 7.65 ಮಿ.ಮೀ. ಪಿಸ್ತೂಲಿಗೆ ಕರೆ ಬಂತು. ಒಂದು ಕಾರ್ಖಾನೆಯ ಕೈಗೆ ಮೀರಿದ ಕೆಲಸ ಬೇರೆ ಕಾರ್ಖಾನೆಗಳಿಗೂ ಹಂಚಿಹೋಯಿತು. ಹಾಗಾಗಿ ಅದೇ ಪಿಸ್ತೂಲು ಮೆಂಟಾ, ಲಿಯೊನ್‌ಹಾರ್ಟ್, ಸ್ಟೆಂಡಾ ಎಂಬ ಹೆಸರುಗಳಲ್ಲೂ ಸಿಗುತ್ತದೆ. ಇನ್ನು ಅದರ ದೋಷ ನೋಡಿ: ನಳಿಕೆ ಬಿಚ್ಚಬೇಕೆಂದರೆ ಸ್ಲೈಡಿನ ಪಕ್ಕದ ತೂತಿನಿಂದ ಉಳಿಯಂಥ ಸಾಧನ ತೂರಿಸಿ ಒಳಗಿನ ಪಿನ್ನನ್ನು ಬಡಿದು ಹೊರತೆಗೆಯಬೇಕು. ಕಂದಕದ ಕೆಸರಿನಲ್ಲಿ ಕೂತ ಸೈನಿಕ ಸುತ್ತಿಗೆ ಎಲ್ಲಿಂದ ತಂದಾನು? ಮಾಡುವವನಿಗೆ ಸಲೀಸು, ಬಳಸುವವನಿಗೆ ಕಷ್ಟ. ನಾಲ್ಕೂ ಹೆಸರಿನವನ್ನು ಸಾಲಾಗಿ ಇಟ್ಟುಕೊಂಡವನಿಗೆ ಯುದ್ಧಕಾಲದ ಗುತ್ತಿಗೆ ವ್ಯವಹಾರ ಕೈಗೆ ಸಿಕ್ಕಂತೆ. ಆದರೂ ಪೇಟೆಯಲ್ಲಿ ಇದಕ್ಕೆ ಮನ್ನಣೆ ಅಷ್ಟಕ್ಕಷ್ಟೇ.

ಯುದ್ಧ ಸೋತ ಮೇಲೆ ಬಂದ ಓರ್ಟ್‌ಗೀಸ್ ಇದಕ್ಕೆ ತದ್ವಿರುದ್ಧ. ಎರ್‌ಫುರ್ಟ್‌ನ ಈ ಪಿಸ್ತೂಲಿನ ಮೊದಮೊದಲ ತಯಾರಿಕೆಗಳಲ್ಲಿ ಹೊರಗೆ ಒಂದು ತಿರುಪೂ ಕಾಣದು. ಮರದ ಹಿಡಿಯನ್ನು ಕೂಡ ಒಳಗಿನ ಕೊಂಡಿಯೇ ಹಿಡಿದಿಟ್ಟಿರುತ್ತದೆ. ಮುಂದೆ ಇದನ್ನು ತಯಾರಿಸಿದ್ದು ಡಾಯ್ಚ ವರ್ಕೆ. ಕೈಸರನ ಕಾಲದ ಸರ್ಕಾರಿ ಶಸ್ತ್ರಾಗಾರಗಳನ್ನು ಒಟ್ಟುಗೂಡಿಸಿ ಕಟ್ಟಿದ ಸಂಸ್ಥೆ ಅದು. ಫಿರಂಗಿ ಮಾಡಿದ ಕೈಗಳು ಈಗ ಕಿಸೆ ಪಿಸ್ತೂಲು ಮಾಡಿ ಅಮೆರಿಕಕ್ಕೆ ಕಳಿಸುತ್ತಿದ್ದವು. ಕುಸುರಿಯಲ್ಲಿ ಇದು ಅನೇಕ ದುಬಾರಿ ಹೆಸರುಗಳಿಗಿಂತ ಮೇಲು ಎಂದೇ ನನ್ನ ಎಣಿಕೆ. ಸಂಖ್ಯೆಯಲ್ಲಿ ಹೆಚ್ಚು ಎಂಬ ಒಂದೇ ಕಾರಣಕ್ಕೆ ಇವತ್ತಿಗೂ ಅಗ್ಗ.

ಸಂಗ್ರಾಹಕರನ್ನು ಮೆಚ್ಚಬೇಕಾದ ಜಾಗವೂ ಇದೆ. 1945ರ ನಂತರ ಎಷ್ಟೋ ಕಾರ್ಖಾನೆಗಳ ಲೆಕ್ಕಪುಸ್ತಕಗಳು ಉಳಿಯಲಿಲ್ಲ. ಯಾವ ಮಾದರಿ ಯಾವಾಗ ಬದಲಾಯಿತು ಎಂಬುದನ್ನು ಹವ್ಯಾಸಿಗಳೇ ಕೈಗೆ ಸಿಕ್ಕ ಪಿಸ್ತೂಲುಗಳ ಕ್ರಮಸಂಖ್ಯೆ, ಪರೀಕ್ಷಾ ಮುದ್ರೆಗಳನ್ನು ಬರೆದಿಟ್ಟು, ಹೋಲಿಸಿ ಗೊತ್ತುಮಾಡಿದರು. ಕಿರೀಟದ ಕೆಳಗೆ ‘ಎನ್’ ಅಕ್ಷರವಿದ್ದರೆ 1940ಕ್ಕಿಂತ ಹಿಂದಿನದು, ಹದ್ದಿನ ಕೆಳಗಿದ್ದರೆ ನಂತರದ್ದು ಎಂಬಂಥ ಸಣ್ಣ ಗುರುತುಗಳಿಂದ ಕಟ್ಟಿದ ಚರಿತ್ರೆ ಇದು. ವಿಶ್ವವಿದ್ಯಾಲಯದವರು ಕೈಹಾಕದ ಕೆಲಸ.

ಬೆಲೆ ಹಾಳುಮಾಡುವುದೂ ಈ ಚರಿತ್ರೆಯನ್ನೇ. ಸೈನ್ಯದ ಒಂದು ಠಸೆ ಬಿದ್ದರೆ ಬೆಲೆ ಏರುತ್ತದೆ, ಸ್ವಸ್ತಿಕದ ಮೇಲೆ ಹದ್ದು ಕೂತಿದ್ದರೆ ಇನ್ನೂ ಏರುತ್ತದೆ. ಬೆಲೆ ಏರಿದ ಕೂಡಲೇ ಹೊಸದಾಗಿ ಹಳೆಯ ಠಸೆ ಹೊಡೆಯುವವರು ಹುಟ್ಟಿಕೊಳ್ಳುತ್ತಾರೆ. ಮಾಸಿದ ಲೋಹಕ್ಕೆ ಮತ್ತೆ ನೀಲಿಗಪ್ಪು ಬಣ್ಣ ಹಾಕುವಾಗ ಉಜ್ಜಿ ಅಂಚುಗಳನ್ನು ಸವೆಸುತ್ತಾರೆ. ಅಂಥ ಪಿಸ್ತೂಲಿನ ಮೇಲಿನ ಗುರುತನ್ನು ಪಟ್ಟಿಗೆ ಸೇರಿಸಿದವನು ತನಗೆ ಗೊತ್ತಿಲ್ಲದೆ ಸುಳ್ಳು ಚರಿತ್ರೆ ಬರೆಯುತ್ತಾನೆ. ಅಮೆರಿಕದ ಸೈನಿಕರು ಯುದ್ಧದಿಂದ ಹೊತ್ತು ತಂದ ಪಿಸ್ತೂಲಿನ ಜೊತೆಗೆ ಅನುಮತಿ ಕಾಗದವಿದ್ದರೆ ಆ ಕಾಗದಕ್ಕೂ ಬೆಲೆ ಕಟ್ಟುತ್ತಾರೆ. ಅದರಲ್ಲಿ ನನಗೆ ತಕರಾರಿಲ್ಲ. ಒಂದು ವಸ್ತು ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ಹೇಳುವ ದಾಖಲೆ ಅದು.

ಜರ್ಮನಿಯ ಈಗಿನ ಕಾನೂನು ಸಂಗ್ರಾಹಕನಿಗೆ ಕೆಂಪು ಪರವಾನಗಿ ಪತ್ರ ಕೊಡುವ ಮುನ್ನ ಒಂದು ಪ್ರಶ್ನೆ ಕೇಳುತ್ತದೆ: ನಿನ್ನ ಸಂಗ್ರಹದ ವಿಷಯ ಯಾವುದು, ಸಂಸ್ಕೃತಿಯ ಚರಿತ್ರೆಗೆ ಅದರಿಂದ ಏನು ಸಿಗುತ್ತದೆ? ಇದನ್ನು ಕಿರುಕುಳ ಎನ್ನುವ ಹವ್ಯಾಸಿಗಳಿರಬಹುದು. ಬೆಹೋಲ್ಲಾದ ನಾಲ್ಕು ಹೆಸರುಗಳನ್ನು ಬೆನ್ನುಹತ್ತಿದವನು ಆ ಅರ್ಜಿಯನ್ನು ಒಂದು ಸಂಜೆಯಲ್ಲಿ ತುಂಬಿಯಾನು. ಚಿನ್ನದ ಪಿಪಿ ಕೊಂಡವನು ಅಲ್ಲಿ ಏನು ಬರೆಯುತ್ತಾನೋ ನನಗೆ ಕುತೂಹಲ.